ಸಹನೆಯ ಭಾರ ಒಬ್ಬಳ ಹೆಗಲಿಗೇ ಏಕೆ?

(ದಾದಿಯರು ಮತ್ತು ಅವರ ಕುಟುಂಬದವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಫ್ಲಾರೆನ್ಸ್ ನೈಟಿಂಗೇಲ್ 1820ರ ಮೇ 12ರಂದು ಜನಿಸಿದರು. ಆ ದಿನವನ್ನು ನಾವು ಪ್ರತಿವರ್ಷ ದಾದಿಯರ ದಿನವಾಗಿ ಆಚರಿಸಿ, ಅವರನ್ನು ಸಹನೆಯ ಮೂರ್ತಿಗಳೆಂದು ಹೊಗಳುತ್ತೇವೆ. ಆದರೆ ಆ ಸಹನೆಗೂ ಒಂದು ಮಿತಿಯಿದೆಯೆಂದು ಎಂದಾದರೂ ಆಲೋಚಿಸಿದ್ದೇವೆಯೇ?

ದಾದಿಯ ದುಡಿಮೆ ಕೇವಲ ಕೈಕಾಲುಗಳದ್ದಲ್ಲ. ಒಂದು ಹಾಸಿಗೆಯ ರೋಗಿ ಕೊನೆಯುಸಿರೆಳೆದ ಬೆನ್ನಿಗೇ ಪಕ್ಕದ ಹಾಸಿಗೆಯವನೊಂದಿಗೆ ಆಕೆ ನಗುಮುಖದಿಂದ ಮಾತನಾಡಬೇಕು. ಗಗನಸಖಿಯರ ಕೆಲಸವನ್ನು ಅಧ್ಯಯನ ಮಾಡಿದ ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಇದನ್ನು 'ಭಾವನಾತ್ಮಕ ಶ್ರಮ' ಎಂದು ಕರೆದರು. ಬೆವರು ಕಾಣದ ಈ ಶ್ರಮವೂ ಮನುಷ್ಯನನ್ನು ದಣಿಸುತ್ತದೆ.

ರಾತ್ರಿ ಪಾಳಿ ಮುಗಿಸಿ ಬಂದವಳಿಗೆ ಹಗಲಿನ ನಿದ್ರೆಯೇ ಗತಿ. ಅದು ರಾತ್ರಿಯ ನಿದ್ರೆಯಷ್ಟು ದೀರ್ಘವೂ ಅಲ್ಲ, ಗಾಢವೂ ಅಲ್ಲ. ನಡುವೆ ಕರೆಗಂಟೆ, ಮಿಕ್ಸಿಯ ಸದ್ದು, "ಹಗಲಿಡೀ ಮಲಗಿರುತ್ತಾಳೆ" ಎಂಬ ಚುಚ್ಚುಮಾತು. ನಿದ್ರೆಗೆಟ್ಟವರಿಗೆ ಸಿಟ್ಟು ಬೇಗ ಬರುತ್ತದೆ. ಆಗ ಪತಿ ಕೇಳುತ್ತಾನೆ: "ಆಸ್ಪತ್ರೆಯಲ್ಲಿ ಎಲ್ಲರೊಂದಿಗೂ ನಗುತ್ತೀ, ಮನೆಯಲ್ಲಿ ಮಾತ್ರ ಮುಖ ಗಂಟಿಕ್ಕುವುದೇಕೆ?" ಉತ್ತರ ಸರಳ. ಅಲ್ಲಿ ನಗುವುದು ಆಕೆಯ ಕೆಲಸ. ಇಲ್ಲಿ ಆಕೆ ದಣಿದ ಮನುಷ್ಯಳು.

ಮನೋಸ್ಥೈರ್ಯವು ಬಾವಿಯ ನೀರಿನಂತೆ. ಸೇದುತ್ತಲೇ ಇದ್ದರೆ ತಳ ಕಾಣುತ್ತದೆ. ಒರತೆ ತುಂಬಲು ಸಮಯ ಬೇಕು. ದಂಪತಿಗಳ ಜಗಳ ಹಿರಿಯರ ಮುಂದೆ ಬಂದಾಗ, "ಸಹಿಸಿಕೋ, ಇಲ್ಲವೇ ಕೆಲಸ ಬಿಡು" ಎಂಬುದೇ ಹಲವೆಡೆ ತೀರ್ಪಾಗುತ್ತದೆ. ಆಕೆಯ ಸಂಬಳದಿಂದ ಸಾಲದ ಕಂತು ಕಟ್ಟುವಾಗ ಮಾತ್ರ ಈ ಉಪದೇಶ ನೆನಪಾಗುವುದಿಲ್ಲ! ದೌರ್ಜನ್ಯವನ್ನು ನುಂಗಿಕೊಳ್ಳುವುದಕ್ಕೆ ಸಹನೆಯೆಂಬ ಹೆಸರಿಡುವುದು ಅನ್ಯಾಯ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯು ಹೊಡೆತವನ್ನಷ್ಟೇ ಅಲ್ಲ, ಮಾತಿನ, ಮಾನಸಿಕ ಹಾಗೂ ಆರ್ಥಿಕ ಹಿಂಸೆಯನ್ನೂ ದೌರ್ಜನ್ಯವೆಂದೇ ಪರಿಗಣಿಸುತ್ತದೆ.

ಹಾಗೆಂದು ಎಲ್ಲ ದೋಷವನ್ನೂ ಪತಿಯ ತಲೆಗೆ ಕಟ್ಟುವಂತಿಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ವೃತ್ತಿಯ ಬಳಲಿಕೆಯನ್ನು ರೋಗವೆನ್ನದೆ, ಕೆಲಸದ ಸ್ಥಳದ ನಿರಂತರ ಒತ್ತಡದ ಫಲವೆಂದು ವಿವರಿಸಿತು. ಅಂದರೆ ಆಸ್ಪತ್ರೆಗಳೂ ಹೊಣೆಗಾರರು. ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ಕೇಂದ್ರ ಸರಕಾರ ರಚಿಸಿದ ಸಮಿತಿಯು 2016ರಲ್ಲಿ, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲೂ ದಾದಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಸಂಬಳ ಕೊಡಬಾರದೆಂದು ಶಿಫಾರಸು ಮಾಡಿತು. ಸೇವೆಯ ಹೆಸರಿನಲ್ಲಿ ಅಗ್ಗದ ದುಡಿಮೆ ಪಡೆಯುವವರಿಗೆ ಮೇ 12ರ ಹೂಗುಚ್ಛ ನೀಡುವ ಅರ್ಹತೆಯಿಲ್ಲ.

ಸಹೋದರರೇ, ನಿಮ್ಮಿಂದ ಆಗಬೇಕಾದುದು ದೊಡ್ಡ ತ್ಯಾಗವೇನಲ್ಲ. ಪತ್ನಿಯ ಪಾಳಿಯ ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಮನೆಗೆಲಸವನ್ನು ಅದರಂತೆ ಹಂಚಿಕೊಳ್ಳಿ. ರಾತ್ರಿ ಪಾಳಿಯ ಮರುದಿನ ಮಕ್ಕಳನ್ನು ನೀವೇ ಶಾಲೆಗೆ ಹೊರಡಿಸಿ. ಆಕೆ ನಿದ್ರಿಸುವಾಗ ಬಾಗಿಲು ಬಡಿಯುವವರಿಗೆ ನೀವೇ ಉತ್ತರಿಸಿ. ತಕರಾರುಗಳಿದ್ದರೆ ಆಕೆ ಎದ್ದು ಚಹಾ ಕುಡಿದ ಬಳಿಕ ಕುಳಿತು ಮಾತನಾಡಿ.