ಬಲಿಪೀಠವೂ ನಿತ್ಯಜೀವನವೂ

(ಶತಮಾನೋತ್ಸವದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ ನಾವೆಲ್ಲರೂ ಒಂದೇ ಮನಸ್ಸಿನಿಂದ ದೇವರಿಗೆ ಕೃತಜ್ಞತಾಸ್ತೋತ್ರ ಸಲ್ಲಿಸುತ್ತಿದ್ದೇವೆ. ನಮ್ಮ ಹಿರಿಯರು ಕಲ್ಲು ಹೊತ್ತು, ಗಾರೆ ಅರೆದು ಈ ಗೋಡೆಗಳನ್ನು ಎಬ್ಬಿಸಿದರು. ಗೋಪುರದಲ್ಲಿ ಗಂಟೆ ಕಟ್ಟಿದರು. ಆ ಗಂಟೆಯನ್ನು ಭಾನುವಾರಕ್ಕೆ ಮಾತ್ರವೆಂದು ಅವರು ಕಟ್ಟಲಿಲ್ಲ. ಮುಂಜಾನೆ, ನಡುಹಗಲು, ಸಂಜೆ ಎಂದು ದಿನಕ್ಕೆ ಮೂರು ಸಲ ತ್ರಿಕಾಲ ಪ್ರಾರ್ಥನೆಗಾಗಿ ಅದನ್ನು ಬಾರಿಸುವ ಪದ್ಧತಿಯನ್ನು ತಂದರು. ಆ ನಾದ ಹೊಲದಲ್ಲಿ ಕಳೆ ಕೀಳುವವರನ್ನೂ, ಒಲೆಯ ಮುಂದೆ ಕುಳಿತ ತಾಯಂದಿರನ್ನೂ, ಅಂಗಡಿಯಲ್ಲಿ ತಕ್ಕಡಿ ಹಿಡಿದವರನ್ನೂ ಸಮನಾಗಿ ಮುಟ್ಟುತ್ತದೆ. ನೀವು ಇರುವ ಎಡೆಯಲ್ಲಿಯೇ ದೇವರಿದ್ದಾರೆ ಎಂಬುದೇ ಅದರ ಬೋಧನೆ.

ಆದರೂ ವಿಶ್ವಾಸವೇ ಬೇರೆ, ವ್ಯವಹಾರವೇ ಬೇರೆ ಎಂಬ ಭಾವನೆ ಕ್ರೈಸ್ತರಲ್ಲಿ ಬೇರೂರುತ್ತಲೇ ಇದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು, ಇಂದಿನ ಜಗತ್ತಿನಲ್ಲಿ ಧರ್ಮಸಭೆಯ ಸ್ಥಾನವನ್ನು ಕುರಿತ ತನ್ನ ಶಾಸನವನ್ನು ಪ್ರಕಟಿಸಿದಾಗ, ನಾವು ಸಾರುವ ವಿಶ್ವಾಸಕ್ಕೂ ದಿನನಿತ್ಯದ ನಡತೆಗೂ ನಡುವೆ ಬಿದ್ದಿರುವ ಬಿರುಕನ್ನು ಈ ಯುಗದ ಘೋರ ತಪ್ಪುಗಳಲ್ಲಿ ಒಂದೆಂದು ಎಣಿಸಿತು. ಪರಲೋಕದ ನೆಪ ಹೇಳಿ ಲೋಕದ ಕರ್ತವ್ಯವನ್ನು ಬಿಡುವವರನ್ನೂ, ಪೂಜೆಗೆ ಹಾಜರಾದರೆ ಧರ್ಮ ಮುಗಿಯಿತೆಂದು ತಿಳಿಯುವವರನ್ನೂ ಅದು ಸಮನಾಗಿ ಎಚ್ಚರಿಸಿತು.

ಈ ಬಿರುಕು ಕೂಡಿಕೊಳ್ಳುವ ಸ್ಥಳ ಯಾವುದು? ಬಲಿಪೀಠವೇ ಆ ಸ್ಥಳವೆಂದು ನಾವು ನಂಬುತ್ತೇವೆ. ಕಾಣಿಕೆ ಅರ್ಪಣೆಯ ಹೊತ್ತಿನಲ್ಲಿ ಗುರುವು ಕೈಗೆತ್ತಿಕೊಳ್ಳುವುದೇನು? ಗೋಧಿಹಿಟ್ಟು, ನೀರು ಬಿಟ್ಟರೆ ಬೇರೇನೂ ಸೇರದ ರೊಟ್ಟಿ. ಕೊಂಚ ನೀರು ಬೆರೆಸಿದ ದ್ರಾಕ್ಷಾರಸ. ಪ್ರಭುವು ಹೊಲದ ತೆನೆಯನ್ನಾಗಲಿ ಬಳ್ಳಿಯ ಗೊಂಚಲನ್ನಾಗಲಿ ಹಾಗೆಯೇ ಆರಿಸಿಕೊಳ್ಳಲಿಲ್ಲ. ಮಾನವನ ಕೈ ತಾಗಿ ಮಾರ್ಪಟ್ಟದ್ದನ್ನು ಆರಿಸಿಕೊಂಡರು. 1970ರ ಪೂಜಾಗ್ರಂಥದಲ್ಲಿ ಈ ಅರ್ಪಣೆಯ ಪ್ರಾರ್ಥನೆಯು ಭೂಮಿಯ ಫಲವನ್ನೂ ಮನುಷ್ಯನ ದುಡಿಮೆಯನ್ನೂ ಜೊತೆಗೂಡಿಸಿ ದೇವರಿಗೆ ಒಪ್ಪಿಸುತ್ತದೆ. ರಾಗಿ ಬೆಳೆಯುವ ನಮ್ಮ ಸೀಮೆಗೆ ಗೋಧಿ ದೂರದಿಂದ ಬರುತ್ತದೆ. ಉತ್ತವರು, ಕೊಯ್ದವರು, ಮೂಟೆ ಹೊತ್ತವರು, ಬೀಸಿದವರು, ಮಾರಿದವರು, ರೊಟ್ಟಿ ಸುಟ್ಟವರು, ಹೀಗೆ ನಾವು ಮುಖವನ್ನೇ ಕಾಣದ ಎಷ್ಟೋ ಜನರ ಬೆವರು ಆ ಪುಟ್ಟ ರೊಟ್ಟಿಯಲ್ಲಿದೆ. ಆ ರೊಟ್ಟಿಯೇ ಪ್ರಭುವಿನ ಶರೀರವಾಗುತ್ತದೆ. ಆದುದರಿಂದ ಹೊಲ, ಸಂತೆ, ಅಡಿಗೆಮನೆ ಇವೆಲ್ಲವೂ ಪೂಜೆಯೊಳಗೆ ಆಗಲೇ ಬಂದು ಸೇರಿರುತ್ತವೆ.

ಹಾಗಾದರೆ ಆ ರೊಟ್ಟಿ ನ್ಯಾಯದ ರೊಟ್ಟಿಯೇ ಎಂಬ ಪ್ರಶ್ನೆ ಏಳುತ್ತದೆ. 1514ರಲ್ಲಿ ಕ್ಯೂಬಾ ದ್ವೀಪದಲ್ಲಿದ್ದ ಸ್ಪೇನಿನ ಗುರು ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಅವರ ಎದುರು ಇದೇ ಪ್ರಶ್ನೆ ನಿಂತಿತು. ಅವರಿಗೆ ಭೂಮಿಯಿತ್ತು, ಅದರಲ್ಲಿ ಬಲವಂತವಾಗಿ ದುಡಿಯುವ ಮೂಲನಿವಾಸಿಗಳಿದ್ದರು. ಪವಿತ್ರಾತ್ಮರ ಹಬ್ಬದ ಪ್ರಬೋಧನೆಗೆ ಸಿದ್ಧರಾಗುತ್ತಿದ್ದಾಗ ಸಿರಾಖನ ಗ್ರಂಥದ 34ನೆಯ ಅಧ್ಯಾಯವು ಅವರ ಕಣ್ಣಿಗೆ ಬಿತ್ತು. ಬಡವರಿಂದ ಕಸಿದುದನ್ನು ದೇವರಿಗೆ ಬಲಿಯಾಗಿ ಕೊಡುವವನನ್ನೂ, ಕೂಲಿಯಾಳಿನ ಕೂಲಿಯನ್ನು ತಡೆಹಿಡಿಯುವವನನ್ನೂ ಆ ಅಧ್ಯಾಯ ಕೊಲೆಗಾರನ ಸಾಲಿನಲ್ಲಿ ನಿಲ್ಲಿಸುತ್ತದೆ. ತಮ್ಮ ಕೈಯ ರೊಟ್ಟಿ ಎಲ್ಲಿಂದ ಬಂತೆಂದು ಅವರಿಗೆ ಅರಿವಾಯಿತು. ಅದೇ ವರ್ಷ ಆಗಸ್ಟ್ 15ರಂದು, ದೇವಮಾತೆಯ ಸ್ವರ್ಗಸ್ವೀಕಾರದ ಹಬ್ಬದ ದಿನ, ಸಭೆಯ ಮುಂದೆಯೇ ಸಾರಿ ಆ ಜನರನ್ನು ಬಿಟ್ಟುಕೊಟ್ಟರು. ಉಳಿದ ಆಯುಷ್ಯವನ್ನೆಲ್ಲ ಅವರ ಪರವಾಗಿ ವಾದಿಸುವುದರಲ್ಲಿ ಸವೆಸಿದರು.

ಪ್ರಿಯ ಬಂಧುಗಳೇ, ನಾವೂ ನಮ್ಮ ಕಾಣಿಕೆಯ ತಟ್ಟೆಯನ್ನು ಹೀಗೆ ನೋಡಬೇಕಾಗಿದೆ. ಒಂದೇ ಕೆಲಸಕ್ಕೆ ಗಂಡಾಳಿಗೂ ಹೆಣ್ಣಾಳಿಗೂ ಸಮಾನ ವೇತನ ಸಲ್ಲಬೇಕೆಂದು ನಮ್ಮ ದೇಶ 1976ರಲ್ಲಿ ಕಾನೂನು ಮಾಡಿತು. ವರದಕ್ಷಿಣೆಯನ್ನು 1961ರಲ್ಲಿಯೇ ನಿಷೇಧಿಸಿತು. ದೇಶದ ಕಾನೂನು ಇಷ್ಟನ್ನು ಕೇಳುವಾಗ ಶುಭಸಂದೇಶವು ಇದಕ್ಕಿಂತ ಕಡಿಮೆ ಕೇಳೀತೇ? ನಮ್ಮ ಹೊಲಕ್ಕೆ ಬಂದವಳ ಕೂಲಿ ಶನಿವಾರ ಸಂಜೆಯೊಳಗೆ ಅವಳ ಕೈ ಸೇರಿತೇ? ನಮ್ಮ ತಕ್ಕಡಿ ಸರಿಯಾಗಿದೆಯೇ? ಒಂದೇ ಪರಮಪ್ರಸಾದವನ್ನು ಸ್ವೀಕರಿಸಿದವರು ಮದುವೆಯ ಮಾತುಕತೆಯಲ್ಲಿ ಕುಲ ಕೇಳುವುದು ತಕ್ಕದ್ದೇ? ಭಾಗದ ವ್ಯಾಜ್ಯದಿಂದ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಪೀಠದ ಮುಂದೆ ಎಡಬಲಗಳಲ್ಲಿ ಮೊಣಕಾಲೂರಿದರೆ ಸಾಕೇ? ಸಹೋದರನೊಡನೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಪೀಠದೆದುರಿಗೇ ಬಿಟ್ಟು ಮೊದಲು ಹೋಗಿ ಸಂಧಾನ ಮಾಡಿಕೊಳ್ಳಬೇಕೆಂದು ಪ್ರಭುಯೇಸು ಪರ್ವತ ಪ್ರಬೋಧನೆಯಲ್ಲಿ ಆಜ್ಞಾಪಿಸಿದ್ದಾರೆ. ದೇವರೇ ತಮ್ಮ ಕಾಣಿಕೆಗಾಗಿ ಕಾಯಲು ಸಿದ್ಧರಿದ್ದಾರೆ!

ಇದು ಬರಿಯ ಎಚ್ಚರಿಕೆಯಲ್ಲ, ದೊಡ್ಡ ಸಾಂತ್ವನವೂ ಹೌದು. 1622ರ ಮಾರ್ಚ್ 12ರಂದು ಜಗದ್ಗುರು 15ನೆಯ ಗ್ರೆಗೊರಿಯವರು ಐವರನ್ನು ಸಂತರೆಂದು ಘೋಷಿಸಿದರು. ಇಗ್ನೇಷಿಯಸ್ ಲೊಯೋಲ, ಫ್ರಾನ್ಸಿಸ್ ಕ್ಸೇವಿಯರ್, ಅವಿಲಾದ ತೆರೇಸಾ, ಫಿಲಿಪ್ ನೇರಿ ಇವರು ನಾಲ್ವರು. ಐದನೆಯವರು ಇಸಿದೋರ್. ಅವರು ಮಠ ಸ್ಥಾಪಿಸಲಿಲ್ಲ, ಗ್ರಂಥ ಬರೆಯಲಿಲ್ಲ, ಕಡಲು ದಾಟಲಿಲ್ಲ. ಮ್ಯಾಡ್ರಿಡ್ ನಗರದ ಸುತ್ತಲಿನ ಭೂಮಿಯಲ್ಲಿ ಇನ್ನೊಬ್ಬರ ಆಳಾಗಿ ಉಳುತ್ತಾ, ಹೆಂಡತಿಯೊಡನೆ ಸಂಸಾರ ಮಾಡುತ್ತಾ, ಬೆಳಗಿನ ಪೂಜೆಯನ್ನೂ ಬಡವರ ಹಸಿವನ್ನೂ ಮರೆಯದೆ ಬಾಳಿದರು. ನೇಗಿಲು ಹಿಡಿದ ಆ ಕೈಗೂ ಮಹಾಪಂಡಿತರ ಲೇಖನಿಗೂ ಧರ್ಮಸಭೆ ಒಂದೇ ದಿನ ಒಂದೇ ಗೌರವವನ್ನು ಸಲ್ಲಿಸಿತು. ಹಾಗಿರುವಾಗ ಮಗುವಿಗೆ ಗಂಜಿ ಕಾಯಿಸುವ ತಾಯಿಯಾಗಲಿ, ಬಸ್ಸು ಓಡಿಸುವ ತಂದೆಯಾಗಲಿ, ನಗರದ ಕಾರ್ಖಾನೆಯಲ್ಲಿ ಬಟ್ಟೆ ಹೊಲಿಯುವ ನಮ್ಮ ಹೆಣ್ಣುಮಕ್ಕಳಾಗಲಿ ತಮ್ಮ ಕೆಲಸ ದೇವರಿಗೆ ದೂರವೆಂದು ತಿಳಿಯಬೇಕಾಗಿಲ್ಲ.

ಪೂಜೆಗೆ ಲತೀನ್ ಭಾಷೆಯಲ್ಲಿ ‘ಮಿಸ್ಸಾ’ ಎಂಬ ಹೆಸರು ಬಂದಿರುವುದೇ ಕೊನೆಯಲ್ಲಿ ಜನರನ್ನು ಕಳುಹಿಸಿಕೊಡುವ ಮಾತಿನಿಂದ. ನೂರು ವರ್ಷಗಳಿಂದ ನಮ್ಮ ಹಿರಿಯರು ಈ ಬಾಗಿಲಿನಿಂದ ಹಾಗೆ ಕಳುಹಿಸಲ್ಪಟ್ಟು ತಮ್ಮ ತಮ್ಮ ಕೆಲಸಗಳಿಗೆ ಮರಳಿದರು. ಈ ಉತ್ಸವದ ನೆನಪಿಗಾಗಿ ಪ್ರತಿ ಮನೆಯವರೂ ಒಂದು ಕಾರ್ಯ ಕೈಗೊಳ್ಳಲಿ: ಉಳಿಸಿಕೊಂಡ ಕೂಲಿ ಇದ್ದರೆ ತೀರಿಸಲಿ, ಮುರಿದ ಸಂಬಂಧವಿದ್ದರೆ ತಾವೇ ಮೊದಲು ಹೋಗಿ ಬಾಗಿಲು ತಟ್ಟಲಿ. ಮುಂದಿನ ಭಾನುವಾರ ಕಾಣಿಕೆಯೊಡನೆ ಅದನ್ನೂ ಪೀಠಕ್ಕೆ ತರೋಣ. ನಜರೇತಿನ ಮನೆಯಲ್ಲಿ ದುಡಿದು ಉಂಡ ಪವಿತ್ರ ಕುಟುಂಬವು ನಮ್ಮೆಲ್ಲರ ಮನೆಗಳಿಗಾಗಿ ಬಿನ್ನವಿಸಲೆಂದು ಪ್ರಾರ್ಥಿಸುತ್ತೇವೆ. ದೇವರು ನಿಮ್ಮೆಲ್ಲರನ್ನು ಆಶೀರ್ವದಿಸಲಿ.