ಟವರಿನೊಳಗಿನ ಪಿಂಗಾಣಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಉಪನ್ಯಾಸ ಮಾಲೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ಮಾಡುವ ಕೆಲಸದ ಬಗ್ಗೆ ಮಾತಾಡಬೇಕು, ಹತ್ತನೇ ತರಗತಿಯ ಮಕ್ಕಳಿಗೂ ಅರ್ಥವಾಗಬೇಕು ಎಂದು ಸಮಿತಿಯವರು ಹೇಳಿದ್ದಾರೆ. ಆ ಕೆಲಸದ ಹೆಸರು ದೊಡ್ಡದು: ಮೈಕ್ರೋವೇವ್ ಡೈಎಲೆಕ್ಟ್ರಿಕ್ ಸೆರಾಮಿಕ್ಸ್. ಊರಿಗೆ ಬಂದಾಗ ಹಿರಿಯರು ಕೇಳಿದರೆ "ಪಿಂಗಾಣಿ ಸುಡೋದು" ಎನ್ನುತ್ತೇನೆ. "ಇಷ್ಟು ಓದಿ ಕುಂಬಾರಿಕೆಗೆ ಹೋದೆಯೇನಪ್ಪಾ?" ಎಂದು ನಗುತ್ತಾರೆ. ಆ ಮಾತಿನಲ್ಲಿ ಬಹಳ ನಿಜವಿದೆ. ಅದನ್ನೇ ಇವತ್ತು ವಿವರಿಸುತ್ತೇನೆ.

ವಿದ್ಯುತ್ ಕಂಬದ ಮೇಲಿನ ಪಿಂಗಾಣಿಯನ್ನು ಎಲ್ಲರೂ ನೋಡಿದ್ದೀರಿ. ಬೆಂಗಳೂರಿನ ಸರ್ಕಾರಿ ಪಿಂಗಾಣಿ ಕಾರ್ಖಾನೆಯಲ್ಲಿ ಹಿಂದೆ ಅಂಥವು ತಯಾರಾಗುತ್ತಿದ್ದವು. ತಂತಿಯ ವಿದ್ಯುತ್ತು ಕಂಬಕ್ಕೆ ಇಳಿಯದಂತೆ ತಡೆಯುವುದು ಅದರ ಕೆಲಸ. ಇದನ್ನು ಅವಾಹಕ ಎಂದು ನಮ್ಮ ಮೇಷ್ಟ್ರು ಕಲಿಸಿದ್ದರು. ಆದರೆ ಅವಾಹಕವೆಂದರೆ ಏನೂ ಮಾಡದ ವಸ್ತು ಎಂದಲ್ಲ. ವಿದ್ಯುತ್ ಕ್ಷೇತ್ರದಲ್ಲಿ ಇಟ್ಟಾಗ ಅದರೊಳಗಿನ ಧನ ಮತ್ತು ಋಣ ಆವೇಶಗಳು ಇದ್ದಲ್ಲೇ ಒಂದಿಷ್ಟು ಅತ್ತಿತ್ತ ಸರಿಯುತ್ತವೆ. ಹೀಗೆ ಸರಿಯುವ ಗುಣದ ಅಳತೆಯೇ ಡೈಎಲೆಕ್ಟ್ರಿಕ್ ಸ್ಥಿರಾಂಕ. ಗಾಳಿಗೆ ಅದು ಸುಮಾರು 1, ಅಲ್ಯುಮಿನಾಕ್ಕೆ ಸುಮಾರು 10. ಬಿಳಿ ಪೇಂಟಿಗೆ ಹಾಕುವ ಟೈಟಾನಿಯಮ್ ಡೈಆಕ್ಸೈಡ್ ಪುಡಿಯನ್ನು ಒತ್ತಿ ಸುಟ್ಟರೆ ಸುಮಾರು 100.

ಈ ಪಿಂಗಾಣಿ ನಿಮ್ಮ ಮನೆಯ ಹತ್ತಿರವೇ ಇದೆ. ಮಾಳಿಗೆಯ ಮೇಲಿನ ಡಿಶ್‌ನ ತೋಳಿನ ತುದಿಯಲ್ಲಿ ಎಲ್‌ಎನ್‌ಬಿ ಎಂಬ ಡಬ್ಬಿ ಇರುತ್ತದಲ್ಲ, ಹಳೆಯದೊಂದನ್ನು ಬಿಚ್ಚಿದರೆ ಒಳಗೆ ಮಾತ್ರೆಯಂಥ ದುಂಡನೆಯ ಪಿಂಗಾಣಿ ಬಿಲ್ಲೆ ಸಿಗುತ್ತದೆ. ಮೊಬೈಲ್ ಟವರಿನ ಫಿಲ್ಟರ್‌ಗಳಲ್ಲಿ ಇಂಥದ್ದೇ ದೊಡ್ಡ ಬಿಲ್ಲೆಗಳಿರುತ್ತವೆ. ಬಸ್ಸು, ಲಾರಿಗಳಿಗೆ ಹಾಕುವ ಜಿಪಿಎಸ್ ಸಾಧನದಲ್ಲಿ ಆಂಟೆನಾ ಆಗಿ ಕೂತಿರುವುದೂ ಒಂದು ಚೌಕಾಕಾರದ ಪಿಂಗಾಣಿ ತುಂಡೇ.

ಇದರ ಕೆಲಸವೇನು? ಗಾಳಿಯಲ್ಲಿ ಸಾವಿರಾರು ಸಿಗ್ನಲ್‌ಗಳು ಒಟ್ಟಿಗೆ ಹರಿದಾಡುತ್ತವೆ. ಅವುಗಳಲ್ಲಿ ನಮಗೆ ಬೇಕಾದ ಆವೃತ್ತಿಯನ್ನು ಮಾತ್ರ ಆರಿಸಬೇಕು, ಜರಡಿ ಹಿಡಿದ ಹಾಗೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಮಾತ್ರ ಜೋರಾಗಿ ಆಡುತ್ತದೆ. ಹಾಗೆಯೇ ಈ ಬಿಲ್ಲೆ ತನ್ನ ಅಳತೆಗೆ ಹೊಂದುವ ಆವೃತ್ತಿಗೆ ಮಾತ್ರ ಜೋರಾಗಿ ಸ್ಪಂದಿಸುತ್ತದೆ. ಇದೇ ಅನುರಣನ. ಲೋಹವಿಲ್ಲದೆ ಬರೀ ಅವಾಹಕದ ತುಂಡು ಹೀಗೆ ಅನುರಣಿಸಬಲ್ಲದು ಎಂದು 1939ರಲ್ಲೇ ಅಮೆರಿಕದ ರಾಬರ್ಟ್ ರಿಕ್ಟ್‌ಮೈಯರ್ ತೋರಿಸಿದ್ದರು. ಆದರೆ ತಕ್ಕ ವಸ್ತು ಸಿಗಲು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಏಕೆಂದರೆ ಅದು ಮೂರು ಪರೀಕ್ಷೆಗಳನ್ನು ಒಟ್ಟಿಗೆ ಪಾಸಾಗಬೇಕು.

ಮೊದಲನೆಯದು ಗಾತ್ರ. 2 ಗಿಗಾಹರ್ಟ್ಸ್ ಅಲೆಯ ತರಂಗದೂರ ಗಾಳಿಯಲ್ಲಿ 15 ಸೆಂಟಿಮೀಟರ್. ವಸ್ತುವಿನೊಳಗೆ ಅದು ಸ್ಥಿರಾಂಕದ ವರ್ಗಮೂಲದಷ್ಟು ಪಟ್ಟು ಕುಗ್ಗುತ್ತದೆ. ಸ್ಥಿರಾಂಕ 36 ಆದರೆ ವರ್ಗಮೂಲ 6, ಅಂದರೆ 15 ಸೆಂಟಿಮೀಟರ್ ಇದ್ದದ್ದು ಎರಡೂವರೆ ಸೆಂಟಿಮೀಟರ್. ಉದ್ದ, ಅಗಲ, ಎತ್ತರ ಮೂರೂ ಆರು ಪಟ್ಟು ಕುಗ್ಗಿದರೆ ಗಾತ್ರ ಎಷ್ಟು ಪಟ್ಟು ಕುಗ್ಗುತ್ತದೆ? ಹೌದು, 216. ಹಿಂದೆ ದೊಡ್ಡ ಲೋಹದ ಪೆಟ್ಟಿಗೆ ಮಾಡುತ್ತಿದ್ದ ಕೆಲಸ ಅಂಗೈಯಲ್ಲಿ ಹಿಡಿಯುವಷ್ಟಾಯಿತು. ಒಂದೊಂದು ಗ್ರಾಮ್ ತೂಕವನ್ನೂ ಲೆಕ್ಕ ಹಾಕುವ ಉಪಗ್ರಹಗಳಿಗೆ ಇದು ದೊಡ್ಡ ಅನುಕೂಲ.

ಎರಡನೆಯದು ನಷ್ಟ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ನಮ್ಮ ತಾಯಂದಿರು ಬೆರಳಿನಿಂದ ತಟ್ಟಿ ನೋಡುತ್ತಾರೆ. ಚೆನ್ನಾಗಿ ಬೆಂದ ಗಡಿಗೆ 'ಠಣ್' ಎನ್ನುತ್ತದೆ, ಬಿರುಕು ಬಿಟ್ಟದ್ದು 'ಡಬ್' ಎನ್ನುತ್ತದೆ. ನಾವು ಪ್ರಯೋಗಾಲಯದಲ್ಲಿ ಮಾಡುವುದೂ ಅದೇ, ಬೆರಳಿನ ಬದಲು ಮೈಕ್ರೋವೇವ್‌ನಿಂದ ತಟ್ಟುತ್ತೇವೆ. ನಾದ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರ ಅಳತೆಗೆ ಕ್ಯೂ ಮೌಲ್ಯ ಎಂದು ಹೆಸರು. ಕ್ಯೂ ಕಡಿಮೆಯಾದರೆ ಸಿಗ್ನಲ್ ಬಿಲ್ಲೆಯೊಳಗೇ ಶಾಖವಾಗಿ ಹಾಳಾಗುತ್ತದೆ, ಪಕ್ಕದ ಆವೃತ್ತಿಯೂ ಒಳಗೆ ನುಸುಳುತ್ತದೆ. ಬೇರಿಯಮ್ ಟೈಟನೇಟ್ ಎಂಬ ವಸ್ತುವಿನ ಸ್ಥಿರಾಂಕ ಸಾವಿರಗಳಲ್ಲಿದೆ. ಮೊಬೈಲಿನ ಕೆಪಾಸಿಟರ್‌ಗಳಿಗೆ ಅದು ಬೇಕೇ ಬೇಕು. ಆದರೆ ಮೈಕ್ರೋವೇವ್‌ನಿಂದ ತಟ್ಟಿದರೆ ಅದು 'ಡಬ್' ಎನ್ನುವ ಗಡಿಗೆ. ಒಂದೇ ವಿಷಯದಲ್ಲಿ ನೂರಕ್ಕೆ ನೂರು ಬಂದರೆ ಸಾಲದು.

ಮೂರನೆಯದು ಬಿಸಿಲು. ಇದೇ ಕಠಿಣವಾದದ್ದು. ಕಾವೇರಿದರೆ ವಸ್ತು ಹಿಗ್ಗುತ್ತದೆ, ಅದರ ಸ್ಥಿರಾಂಕವೂ ಬದಲಾಗುತ್ತದೆ, ಹೀಗಾಗಿ ಶ್ರುತಿ ತಪ್ಪುತ್ತದೆ. ಟೈಟಾನಿಯಮ್ ಡೈಆಕ್ಸೈಡ್‌ನ ಬಿಲ್ಲೆ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 450 ಭಾಗ ಸರಿಯುತ್ತದೆ. ಮಕ್ಕಳೇ, ಲೆಕ್ಕ ಹಾಕಿ. ಡಿಶ್‌ನಲ್ಲಿ ಆವೃತ್ತಿ ಸುಮಾರು 10 ಗಿಗಾಹರ್ಟ್ಸ್. ಒಂದು ಡಿಗ್ರಿಗೆ ನಾಲ್ಕೂವರೆ ಮೆಗಾಹರ್ಟ್ಸ್ ಸರಿಯಿತು. ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ ಮಾಳಿಗೆಯ ಮೇಲೆ 20 ಡಿಗ್ರಿ ವ್ಯತ್ಯಾಸ ಎಂದರೆ 90 ಮೆಗಾಹರ್ಟ್ಸ್. ಉಪಗ್ರಹದ ಒಂದು ಟ್ರಾನ್ಸ್‌ಪಾಂಡರಿನ ಅಗಲ ಸಾಮಾನ್ಯವಾಗಿ 36 ಮೆಗಾಹರ್ಟ್ಸ್. ಬೆಳಿಗ್ಗೆ ಸುಪ್ರಭಾತ ಬರುತ್ತಿದ್ದ ಟಿವಿಯಲ್ಲಿ ಮಧ್ಯಾಹ್ನಕ್ಕೆ ಏನೂ ಬಾರದು!

ಇದಕ್ಕೆ ಪರಿಹಾರ ನಮ್ಮ ಅಡುಗೆಮನೆಯ ಉಪಾಯವೇ. ಸಾರಿಗೆ ಹುಳಿ ಹೆಚ್ಚಾದರೆ ಚೂರು ಬೆಲ್ಲ ಹಾಕುತ್ತೇವಲ್ಲವೇ? ಮೆಗ್ನೀಸಿಯಮ್ ಟೈಟನೇಟ್ ಕಾವೇರಿದರೆ ಶ್ರುತಿ ಇಳಿಯುತ್ತದೆ, ಡಿಗ್ರಿಗೆ ಸುಮಾರು 50 ಭಾಗ. ಕ್ಯಾಲ್ಸಿಯಮ್ ಟೈಟನೇಟ್ ಕಾವೇರಿದರೆ ಶ್ರುತಿ ಏರುತ್ತದೆ, ಸುಮಾರು 800 ಭಾಗ. ಮೊದಲನೆಯದು 95, ಎರಡನೆಯದು 5, ಸುಮಾರು ಈ ಪ್ರಮಾಣದಲ್ಲಿ ಬೆರೆಸಿ ಸುಟ್ಟರೆ ಏರಿಳಿತ ಬಹುತೇಕ ಸೊನ್ನೆ. ಕೆಲವು ಸಂಯುಕ್ತಗಳು ಸ್ವಭಾವತಃ ಹೀಗೆ ಸಮತೋಲನದಲ್ಲಿರುತ್ತವೆ. 1971ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯವರು ಬೇರಿಯಮ್ ಟೆಟ್ರಾಟೈಟನೇಟ್ ಬಗ್ಗೆ ಪ್ರಕಟಿಸಿದರು. 1974ರಲ್ಲಿ ಬೆಲ್ ಪ್ರಯೋಗಾಲಯದವರು ಬೇರಿಯಮ್, ಟೈಟಾನಿಯಮ್‌ಗಳದ್ದೇ ಇನ್ನೊಂದು ಸಂಯುಕ್ತವನ್ನು ಮುಂದಿಟ್ಟರು. ಸ್ಥಿರಾಂಕ ಸುಮಾರು 40, ಬಿಸಿಲಿಗೆ ಹೆಚ್ಚುಕಡಿಮೆ ಅಲುಗದು. ಅದು ನಮ್ಮ ಶಾಲೆ ಆರಂಭವಾದ ವರ್ಷವೇ. ಆ ವಿದ್ಯೆಗೂ ಈ ಶಾಲೆಗೂ ಈಗ ಐವತ್ತು ತುಂಬಿದೆ.

ಇನ್ನು ತಯಾರಿ. ಆಕ್ಸೈಡ್, ಕಾರ್ಬೊನೇಟ್ ಪುಡಿಗಳನ್ನು ಮಿಲಿಗ್ರಾಮ್ ಲೆಕ್ಕದಲ್ಲಿ ತೂಗಬೇಕು, ಗಂಟೆಗಟ್ಟಲೆ ಅರೆಯಬೇಕು, ಒಮ್ಮೆ ಸುಟ್ಟು ಮತ್ತೆ ಅರೆಯಬೇಕು, ಅಚ್ಚಿನಲ್ಲಿ ಒತ್ತಿ ಕೊನೆಯ ಬಾರಿ ಸುಡಬೇಕು. ಅರೆಬೆಂದ ಮಡಕೆ ನೀರು ಹೀರುವಂತೆ ಸರಿಯಾಗಿ ಬೇಯದ ಬಿಲ್ಲೆ ಗಾಳಿಯ ತೇವ ಹೀರಿ ಕೆಡುತ್ತದೆ. ಬೇರಿಯಮ್, ಸತು, ಟ್ಯಾಂಟಲಮ್ ಸೇರಿದ ಪಿಂಗಾಣಿಯೊಂದಿದೆ, ತಟ್ಟಿದರೆ ಅತಿ ಚೆನ್ನಾಗಿ ನಾದ ಕೊಡುವವುಗಳಲ್ಲಿ ಒಂದು. ಅದನ್ನು 1350 ಡಿಗ್ರಿಯಲ್ಲಿ ನೂರು ಗಂಟೆಗೂ ಹೆಚ್ಚು ಕಾಲ ಇಟ್ಟಾಗ ಕ್ಯೂ ಏರುವುದನ್ನು 1983ರಲ್ಲಿ ಜಪಾನಿನವರು ಪ್ರಕಟಿಸಿದರು. ಅಷ್ಟು ಹೊತ್ತು ಕಾವು ಕೊಟ್ಟರೆ ಒಳಗಿನ ಪರಮಾಣುಗಳು ಸತುವಿನದು ಒಂದು ಸಾಲು, ಟ್ಯಾಂಟಲಮ್‌ನದು ಎರಡು ಸಾಲು ಎಂಬಂತೆ ಶಿಸ್ತಾಗಿ ನಿಲ್ಲುತ್ತವೆ. ಪ್ರಾರ್ಥನೆಗೆ ಸಾಲು ನಿಲ್ಲಲು ನಮ್ಮ ಪಿ.ಟಿ. ಮೇಷ್ಟ್ರಿಗೆ ಎಷ್ಟು ಹೊತ್ತು ಬೇಕಿತ್ತು ಎಂದು ನೆನಪಿಸಿಕೊಳ್ಳಿ! ಇಷ್ಟಾದರೂ ಸತು ಆವಿಯಾಗಿ ಹಾರಿಹೋದೀತೆಂದು ಅದೇ ಪುಡಿಯಲ್ಲಿ ಬಿಲ್ಲೆಯನ್ನು ಹೂತು ಸುಡುವುದುಂಟು. ಇದೆಲ್ಲ ಒಲೆಯ ಮುಂದೆ ನಿಂತು ಕಲಿಯಬೇಕಾದ ವಿದ್ಯೆ.

ಈ ಕ್ಷೇತ್ರದಲ್ಲಿ ಮಾಡುವುದೆಲ್ಲ ಮುಗಿದಿಲ್ಲ. ಟ್ಯಾಂಟಲಮ್ ದುಬಾರಿ, ಅಪರೂಪ. ಆಫ್ರಿಕಾದ ಕಾಂಗೋದಲ್ಲಿ ಅದರ ಅದಿರಿನ ಹಣ ಸಶಸ್ತ್ರ ಗುಂಪುಗಳ ಕೈಸೇರಿ ಎಷ್ಟೋ ರಕ್ತ ಹರಿದಿದೆ. ಅದಿಲ್ಲದೆಯೇ ಅಷ್ಟು ಒಳ್ಳೆಯ ಪಿಂಗಾಣಿ ಮಾಡಲಾದೀತೇ ಎಂಬುದು ಒಂದು ಪ್ರಶ್ನೆ. ಇನ್ನೊಂದು, ಬೆಳ್ಳಿಯ ಗೆರೆಗಳ ಜೊತೆಗೇ ಪಿಂಗಾಣಿಯನ್ನು ಸುಡಬೇಕಾದರೆ ಬೆಳ್ಳಿ 961 ಡಿಗ್ರಿಗೆ ಕರಗುತ್ತದೆ, ಅದಕ್ಕಿಂತ ಕಡಿಮೆ ಕಾವಿನಲ್ಲೇ ಬೇಯುವ ಪಿಂಗಾಣಿ ಬೇಕು. 5ಜಿ ಟವರಿನ ಒಂದೇ ಪೆಟ್ಟಿಗೆಯಲ್ಲಿ 64 ದಾರಿಗಳಿರಬಹುದು, ಒಂದೊಂದಕ್ಕೂ ಫಿಲ್ಟರ್ ಬೇಕು. ಪಕ್ಕದ ತಿರುವನಂತಪುರದ ಸಿಎಸ್ಐಆರ್ ಪ್ರಯೋಗಾಲಯದಲ್ಲಿ ಈ ಬಗ್ಗೆ ದಶಕಗಳ ಕೆಲಸ ನಡೆದಿದೆ. ಅಲ್ಲಿನ ಡಾ. ಎಂ. ಟಿ. ಸೆಬಾಸ್ಟಿಯನ್ 2008ರಲ್ಲಿ ಬರೆದ ಗ್ರಂಥವನ್ನು ಈ ವಿಷಯದವರು ಹೊರದೇಶಗಳಲ್ಲೂ ಓದುತ್ತಾರೆ.

ಪಾಲಕರಲ್ಲಿ ಒಂದು ಮಾತು. ಮಕ್ಕಳು ಕಂಪ್ಯೂಟರ್ ಕಲಿಯಲಿ, ಸಂತೋಷ. ಆದರೆ ಆ ಕಂಪ್ಯೂಟರಿಗೆ, ಮೊಬೈಲಿಗೆ ಬೇಕಾದ ವಸ್ತುವನ್ನು ಯಾರಾದರೂ ಅರೆದು, ಸುಟ್ಟು ಮಾಡಬೇಕು. ಮಗನೋ ಮಗಳೋ ರಸಾಯನಶಾಸ್ತ್ರ ಓದುತ್ತೇನೆ ಎಂದರೆ "ಅದರಿಂದ ಏನು ಬರುತ್ತೆ?" ಎಂದು ಬಾಯಿ ಮುಚ್ಚಿಸಬೇಡಿ.

ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೊಂದು ಮಾತು. ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಆಲೋಚನೆ ಇದೆ ಎಂದು ಕೇಳಿದೆ. ಕಟ್ಟಿಸೋಣ. ಅದಕ್ಕೆ ಮೊದಲು ವಿಜ್ಞಾನ ಕೊಠಡಿಯ ಬೀಗ ತೆಗೆದು, ಗಾಜಿನ ಪೆಟ್ಟಿಗೆಯ ಆ ತಕ್ಕಡಿಯನ್ನು ರಿಪೇರಿ ಮಾಡಿಸೋಣ. ಪ್ರತಿ ಮಗುವೂ ತನ್ನ ಕೈಯಿಂದ ಒಂದು ಗ್ರಾಮ್ ಉಪ್ಪನ್ನು ಸರಿಯಾಗಿ ತೂಗಿ ನೋಡಲಿ. ನಾನು ಇಂದಿಗೂ ದಿನವೂ ಮಾಡುವ ಮೊದಲ ಕೆಲಸ ಅದೇ. ಅದಕ್ಕೆ ನನ್ನ ಪಾಲಿನ ಹಣವನ್ನು ಇವತ್ತೇ ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟು ಹೋಗುತ್ತೇನೆ.