ಅಪ್ಪಣೆ ಇಲ್ಲಿ, ಬಲ ಅಲ್ಲಿ

ರಿಮೋಟ್ ಕಾರು ಓಡುವುದನ್ನು ನೋಡಿದವರೆಲ್ಲ ಒಮ್ಮೆಯಾದರೂ ಯೋಚಿಸಿರುತ್ತಾರೆ: ದಾರವಿಲ್ಲ, ತಂತಿಯಿಲ್ಲ, ಕೈಯಲ್ಲಿರುವ ಈ ಪುಟ್ಟ ಡಬ್ಬಿ ಅಷ್ಟು ದೂರದ ಗಾಡಿಯನ್ನು ಹೇಗೆ ಎಳೆಯುತ್ತದೆ? ನಿಜ ಹೇಳಬೇಕೆಂದರೆ, ಎಳೆಯುವುದೇ ಇಲ್ಲ. ಹೊಲದಾಚೆ ಆಡುತ್ತಿರುವ ನಿಮ್ಮನ್ನು ಅಮ್ಮ ‘ಊಟಕ್ಕೆ ಬಾ’ ಎಂದು ಕೂಗುತ್ತಾರೆ. ಓಡಿ ಬರುವುದು ನಿಮ್ಮ ಕಾಲು. ಅಮ್ಮನ ದನಿ ನಿಮ್ಮನ್ನು ಹೊತ್ತು ತರುವುದಿಲ್ಲ. ರಿಮೋಟೂ ಹಾಗೆಯೇ. ಅದು ಕಳಿಸುವುದು ಬರೀ ಅಪ್ಪಣೆ. ಓಡುವ ಬಲವೆಲ್ಲ ಗಾಡಿಯ ಬ್ಯಾಟರಿಯಲ್ಲೇ ಇರುತ್ತದೆ.

ಈ ಮಾತು ಮನಸ್ಸಿಗೆ ಇಳಿಯಬೇಕಾದರೆ ಸಿದ್ಧ ಕಾರು ಕೊಳ್ಳುವುದಕ್ಕಿಂತ ಬಿಡಿಭಾಗಗಳ ಕಿಟ್ ತಂದು ನಾವೇ ಜೋಡಿಸುವುದು ಒಳ್ಳೆಯದು. ಬನ್ನಿ, ಹಾಸನ ಜಿಲ್ಲೆಯ ಹಾರನಹಳ್ಳಿಯ ಒಂದು ಜಗಲಿಯ ಮೇಲೆ ಚಾಪೆ ಹಾಸಿ ರೇಸಿಂಗ್ ಬಗ್ಗಿಯೊಂದನ್ನು ಕಟ್ಟೋಣ.

ಪೆಟ್ಟಿಗೆ ಬಿಚ್ಚಿದಾಗ

ಬಗ್ಗಿ ಎಂದರೆ ಮಣ್ಣು, ಮರಳು, ಹಳ್ಳ ದಿಣ್ಣೆಗಳ ಮೇಲೆ ಓಡಲೆಂದೇ ಮಾಡಿದ ಹಗುರವಾದ ಗಾಡಿ. ಜಪಾನಿನ ತಮಿಯಾ ಕಂಪನಿ 1979ರಲ್ಲಿ ‘ರಫ್ ರೈಡರ್’, ‘ಸ್ಯಾಂಡ್ ಸ್ಕಾರ್ಚರ್’ ಎಂಬ ಬಗ್ಗಿ ಕಿಟ್‌ಗಳನ್ನು ಹೊರತಂದಿತು. 1984ರಲ್ಲಿ ಬಂದ ‘ಗ್ರಾಸ್‌ಹಾಪರ್’, ಅಂದರೆ ಮಿಡತೆ, ಎಷ್ಟೋ ದೇಶಗಳ ಮಕ್ಕಳು ತಮ್ಮ ಕೈಯಾರೆ ಜೋಡಿಸಿದ ಮೊದಲ ಗಾಡಿ. ಇಂಥ ಬಗ್ಗಿಗಳು ಸಾಮಾನ್ಯವಾಗಿ ನಿಜವಾದ ಗಾಡಿಯ ಹತ್ತನೇ ಒಂದು ಪಾಲಿನ ಅಳತೆಯಲ್ಲಿರುತ್ತವೆ.

ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಭಾಗಗಳು ಕಡ್ಡಿಗಳಿಗೆ ಅಂಟಿಕೊಂಡೇ ಬರುತ್ತವೆ. ಒಂದೊಂದಕ್ಕೂ ಒಂದು ಸಂಖ್ಯೆ. ಎಲ್ಲವನ್ನೂ ಒಟ್ಟಿಗೆ ಕತ್ತರಿಸಿ ರಾಶಿ ಹಾಕಬೇಡಿ. ಬೇಕಾದುದನ್ನು ಬೇಕಾದಾಗ ಬಿಡಿಸಿಕೊಳ್ಳಿ. ಸ್ಕ್ರೂಗಳನ್ನು ತಟ್ಟೆಯಲ್ಲಿ ಉದ್ದದ ಪ್ರಕಾರ ಬೇರೆ ಮಾಡಿಡಿ. ಪ್ಲಾಸ್ಟಿಕ್ಕಿಗೆ ಹೋಗುವ ಸ್ಕ್ರೂ ತನ್ನ ದಾರಿಯನ್ನು ತಾನೇ ಕೊರೆದುಕೊಳ್ಳುತ್ತದೆ. ಬಿಗಿಯಾದ ಮೇಲೂ ತಿರುಗಿಸಿದರೆ ಕೊರೆದ ದಾರಿ ಹಾಳಾಗಿ ಅದು ಮತ್ತೆ ಎಂದೂ ಹಿಡಿಯುವುದಿಲ್ಲ.

ತಿರುವಿನ ಲೆಕ್ಕ

ಮೊದಲು ಕಟ್ಟುವುದು ಹಿಂದಿನ ಗೇರು ಡಬ್ಬಿ. ಅದರೊಳಗೆ ಡಿಫರೆನ್ಷಿಯಲ್ ಎಂಬ ಜಾಣ ಭಾಗವಿದೆ.

ಗಾಡಿ ತಿರುಗುವಾಗ ಹೊರಬದಿಯ ಚಕ್ರ ಹೆಚ್ಚು ದೂರ ಉರುಳಬೇಕು, ಒಳಬದಿಯದು ಕಡಿಮೆ. ಎತ್ತಿನ ಗಾಡಿಗೆ ಇದೊಂದು ತೊಡಕೇ ಅಲ್ಲ. ಅದರ ಎರಡು ಚಕ್ರಗಳೂ ಅಚ್ಚಿನ ಮೇಲೆ ಬೇರೆ ಬೇರೆಯಾಗಿ ಸುತ್ತುತ್ತವೆ. ಕಳಚಿ ಬೀಳದಂತೆ ತುದಿಯಲ್ಲಿ ಕಡಾಣಿ ಇದ್ದರೆ ಸಾಕು. ಯಾಕೆಂದರೆ ಅಲ್ಲಿ ಎಳೆಯುವುದು ಎತ್ತು, ಚಕ್ರವಲ್ಲ. ನಮ್ಮ ಬಗ್ಗಿಯಲ್ಲಿ ಮೋಟಾರು ಚಕ್ರಗಳನ್ನೇ ತಿರುಗಿಸಬೇಕು. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ತಿರುವಿನಲ್ಲಿ ಒಂದು ಚಕ್ರ ನೆಲವನ್ನು ಕೆರೆಯುತ್ತದೆ, ಗಾಡಿ ನೆಟ್ಟಗೇ ಹೋಗಲು ಹಟ ಹಿಡಿಯುತ್ತದೆ.

ಡಿಫರೆನ್ಷಿಯಲ್‌ನಲ್ಲಿರುವ ಪುಟ್ಟ ಹಲ್ಲುಗಾಲಿಗಳು ಮೋಟಾರಿನ ಬಲವನ್ನು ಎರಡೂ ಕಡೆಗೆ ಹಂಚುತ್ತವೆ. ಜೊತೆಗೆ ಒಂದು ಚಕ್ರ ಎಷ್ಟು ನಿಧಾನವಾದರೆ ಇನ್ನೊಂದು ಅಷ್ಟೇ ಚುರುಕಾಗಲು ಬಿಡುತ್ತವೆ. ಪರೀಕ್ಷೆ ಮಾಡಿ: ಗಾಡಿಯನ್ನು ಎತ್ತಿ ಹಿಡಿದು, ದೊಡ್ಡ ಹಲ್ಲುಗಾಲಿ ತಿರುಗದಂತೆ ಬೆರಳಿನಿಂದ ತಡೆದು, ಒಂದು ಚಕ್ರವನ್ನು ಮುಂದಕ್ಕೆ ತಿರುಗಿಸಿ. ಇನ್ನೊಂದು ಹಿಂದಕ್ಕೆ ತಿರುಗುತ್ತದೆ! ಹಾಗಾದರೆ ನಿಮ್ಮ ಜೋಡಣೆ ಸರಿ.

ಸ್ಪ್ರಿಂಗಿಗೆ ಎಣ್ಣೆಯ ಕಡಿವಾಣ

ಒಣಗಿದ ರಾಗಿ ಹೊಲದ ಹೆಂಟೆಗಳ ಮೇಲೆ ಗಾಡಿ ಓಡಬೇಕಾದರೆ ಚಕ್ರಗಳು ಏರಿಳಿಯಲೇಬೇಕು. ಅದಕ್ಕೆ ಸ್ಪ್ರಿಂಗ್ ಇದೆ. ಆದರೆ ಬರೀ ಸ್ಪ್ರಿಂಗ್ ಇದ್ದರೆ ಒಂದು ದಿಣ್ಣೆ ದಾಟಿದ ಮೇಲೂ ಗಾಡಿ ಕುಣಿಯುತ್ತಲೇ ಇರುತ್ತದೆ, ಚಕ್ರ ನೆಲ ಬಿಡುತ್ತದೆ. ನೆಲ ಬಿಟ್ಟ ಚಕ್ರ ಎಷ್ಟು ಸುತ್ತಿದರೂ ಗಾಡಿ ಮುಂದೆ ಹೋಗದು.

ಅದಕ್ಕಾಗಿ ಸ್ಪ್ರಿಂಗಿನ ನಡುವೆ ಎಣ್ಣೆ ತುಂಬಿದ ಕೊಳವೆ ಇಡುತ್ತಾರೆ. ಒಳಗೊಂದು ಬಿಲ್ಲೆ, ಬಿಲ್ಲೆಯಲ್ಲಿ ಸಣ್ಣ ತೂತುಗಳು. ಚಕ್ರ ಏರಿಳಿದಾಗ ಎಣ್ಣೆ ಆ ತೂತುಗಳಲ್ಲಿ ನುಸುಳಬೇಕು. ಹಾಗೆ ನುಸುಳುವಾಗ ಕುಣಿತದ ಶಕ್ತಿ ಬಿಸಿಯಾಗಿ ಕರಗಿಹೋಗುತ್ತದೆ. ಎಣ್ಣೆ ತುಂಬಿದ ಮೇಲೆ ಬಿಲ್ಲೆಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳೆಲ್ಲ ಮೇಲೆ ಬರುವವರೆಗೆ ಕಾಯಿರಿ. ಗಾಳಿ ಸುಲಭವಾಗಿ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ಅದಕ್ಕೇ ಗುಳ್ಳೆ ಉಳಿದರೆ ಹಿಡಿತ ತಪ್ಪುತ್ತದೆ.

ವೇಗ ಎಷ್ಟು?

ಈಗ ಮೋಟಾರು. ಅದು ನಿಮಿಷಕ್ಕೆ 16,000 ಸುತ್ತು ತಿರುಗುತ್ತದೆ ಎಂದುಕೊಳ್ಳೋಣ. ಅಷ್ಟು ವೇಗ ಚಕ್ರಕ್ಕೆ ಬೇಡ, ಚಕ್ರಕ್ಕೆ ಬೇಕಾದುದು ಬಲ. ಮೋಟಾರಿನ ಹಲ್ಲುಗಾಲಿಗೆ 20 ಹಲ್ಲು, ಅದಕ್ಕೆ ಕಚ್ಚಿಕೊಂಡ ದೊಡ್ಡದಕ್ಕೆ 80 ಹಲ್ಲು ಇದ್ದರೆ ವೇಗ ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಮುಂದಿನ ಗೇರು ಅದನ್ನು ಮತ್ತೆ ಅರ್ಧ ಮಾಡುತ್ತದೆ ಎನ್ನಿ. ಚಕ್ರಕ್ಕೆ ತಲುಪುವುದು ನಿಮಿಷಕ್ಕೆ 2,000 ಸುತ್ತು. ವೇಗ ಎಂಟು ಪಟ್ಟು ಇಳಿಯಿತು. ತಿರುಚುವ ಬಲ ಸುಮಾರು ಎಂಟು ಪಟ್ಟು ಏರಿತು, ಉಜ್ಜಾಟದಲ್ಲಿ ಸ್ವಲ್ಪ ನಷ್ಟವಾಗುವುದನ್ನು ಬಿಟ್ಟರೆ.

ಟೈರಿನ ಅಡ್ಡಳತೆ 8.5 ಸೆಂ.ಮೀ. ಇದ್ದರೆ ಒಂದು ಸುತ್ತಿಗೆ ಸುಮಾರು 26.7 ಸೆಂ.ಮೀ. ದೂರ. 2,000 ಸುತ್ತಿಗೆ 534 ಮೀಟರ್. ಗಂಟೆಗೆ ಸುಮಾರು 32 ಕಿ.ಮೀ.! ಇದು ಕಾಗದದ ಮೇಲಿನ ಲೆಕ್ಕ. ಸಡಿಲ ಮಣ್ಣು, ಗಾಳಿಯ ತಡೆ, ಟೈರಿನ ಜಾರಾಟ ಎಲ್ಲ ಸೇರಿ ನಿಜವಾದ ವೇಗ ಇದಕ್ಕಿಂತ ಕಡಿಮೆ ಇರುತ್ತದೆ.

ಅಪ್ಪಣೆ ಕೇಳುವವರು

ಇಷ್ಟೆಲ್ಲ ಆದರೂ ಗಾಡಿಗೆ ಕಿವಿಯಿಲ್ಲ. ಆ ಕಿವಿಯೇ ರಿಸೀವರ್. ಈಗಿನ ರಿಮೋಟ್‌ಗಳು 2.4 ಗಿಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ, ಅಂದರೆ ಸೆಕೆಂಡಿಗೆ 240 ಕೋಟಿ ಕಂಪನ. ಒಂದು ಅಲೆಯ ಉದ್ದ ಸುಮಾರು 12.5 ಸೆಂ.ಮೀ. ಅಲೆಯನ್ನು ಹಿಡಿಯಲು ಅದರ ಕಾಲು ಭಾಗದಷ್ಟು ತಂತಿ ಸಾಕು. ರಿಸೀವರಿನಿಂದ ಹೊರಗೆ ಚಾಚಿದ ತಂತಿಯ ತುದಿ 3 ಸೆಂ.ಮೀ.ನಷ್ಟು ಬರಿದಾಗಿರುವುದು ಇದಕ್ಕೇ. ಅದನ್ನು ಕತ್ತರಿಸಬೇಡಿ, ಮಡಚಿ ಕಟ್ಟಬೇಡಿ.

ರಿಸೀವರ್ ಕೇಳಿದ್ದನ್ನು ಇಬ್ಬರಿಗೆ ಹೇಳುತ್ತದೆ. ಒಬ್ಬ ಸರ್ವೊ, ಮುಂದಿನ ಚಕ್ರಗಳನ್ನು ತಿರುಗಿಸುವವನು. ಅವನಿಗೆ ಸಾಮಾನ್ಯವಾಗಿ ಸೆಕೆಂಡಿಗೆ 50 ಸಲ ವಿದ್ಯುತ್ತಿನ ಒಂದು ಮಿಡಿತ ಹೋಗುತ್ತದೆ. ಮಿಡಿತ ಸೆಕೆಂಡಿನ ಸಾವಿರದಲ್ಲಿ ಒಂದೂವರೆ ಪಾಲಿನಷ್ಟು ಹೊತ್ತು ಇದ್ದರೆ ‘ನೆಟ್ಟಗಿರು’. ಒಂದು ಪಾಲಿಗೆ ಇಳಿದರೆ ಒಂದು ಬದಿ, ಎರಡಕ್ಕೆ ಏರಿದರೆ ಇನ್ನೊಂದು ಬದಿ. ಸರ್ವೊ ತಾನು ಈಗ ಎಲ್ಲಿದ್ದೇನೆ ಎಂದು ಅಳೆದುಕೊಂಡು, ಹೇಳಿದ ಜಾಗಕ್ಕೆ ತಲುಪುವವರೆಗೆ ತಿರುಗಿ ಅಲ್ಲೇ ನಿಲ್ಲುತ್ತಾನೆ.

ಇನ್ನೊಬ್ಬ ವೇಗದ ಉಸ್ತುವಾರಿ. ಬ್ಯಾಟರಿಯಿಂದ ಮೋಟಾರಿಗೆ ಹರಿಯುವ ವಿದ್ಯುತ್ತನ್ನು ಅವನು ಒಂದೇ ಸೆಕೆಂಡಿನಲ್ಲಿ ಸಾವಿರಕ್ಕೂ ಹೆಚ್ಚು ಸಲ ಹಚ್ಚಿ ಆರಿಸುತ್ತಾನೆ. ಹಚ್ಚಿದ ಹೊತ್ತು ಹೆಚ್ಚಾದರೆ ವೇಗ ಹೆಚ್ಚು.

ಒಂದು ನಿಯಮ: ಮೊದಲು ರಿಮೋಟ್ ಹಚ್ಚಿ, ಆಮೇಲೆ ಗಾಡಿ. ನಿಲ್ಲಿಸುವಾಗ ಮೊದಲು ಗಾಡಿ, ಆಮೇಲೆ ರಿಮೋಟ್. ಬಲವಿರುವ ಗಾಡಿ ಅಪ್ಪಣೆಯಿಲ್ಲದೆ ಒಂದು ಕ್ಷಣವೂ ಇರಬಾರದು.

ಹಾಸನದಿಂದ ಚಂದ್ರನವರೆಗೆ

ಹೀಗೆ ದೂರದಿಂದ ಅಪ್ಪಣೆ ಕಳಿಸುವ ಕೆಲಸವನ್ನು ದೊಡ್ಡವರು ದಿನವೂ ಮಾಡುವ ಜಾಗ ನಮ್ಮ ಜಿಲ್ಲೆಯಲ್ಲೇ ಇದೆ. ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೊ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರ 1982ರಲ್ಲಿ ಶುರುವಾಯಿತು. ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಉಪಗ್ರಹ ತನ್ನ ಜಾಗದಿಂದ ಸರಿದರೆ ಇಲ್ಲಿಂದ ರೇಡಿಯೊ ಅಪ್ಪಣೆ ಹೋಗುತ್ತದೆ. ಅಲ್ಲಿನ ಪುಟ್ಟ ರಾಕೆಟ್‌ಗಳು ಉರಿದು ಅದನ್ನು ಸರಿಯಾದ ಜಾಗಕ್ಕೆ ತಳ್ಳುತ್ತವೆ. ಇಂಧನ ಉಪಗ್ರಹದಲ್ಲೇ ಇದೆ; ಹಾಸನದಿಂದ ಹೋದದ್ದು ಮಾತು ಮಾತ್ರ.

ಚಂದ್ರಯಾನ-3ರ ‘ಪ್ರಜ್ಞಾನ್’ ಇನ್ನೂ ದೂರದ ಗಾಡಿ. 2023ರ ಆಗಸ್ಟ್ 23ರಂದು ‘ವಿಕ್ರಮ್’ ಎಂಬ ಲ್ಯಾಂಡರ್ ಜೊತೆ ಚಂದ್ರನ ಮೇಲೆ ಇಳಿದ ಅದರ ತೂಕ 26 ಕೆ.ಜಿ., ಚಕ್ರ ಆರು. ವೇಗ? ಸೆಕೆಂಡಿಗೆ ಒಂದು ಸೆಂಟಿಮೀಟರ್! ಇರುವೆಯೂ ಅದನ್ನು ಹಿಂದೆ ಹಾಕೀತು. ಯಾಕಿಷ್ಟು ನಿಧಾನ? ಒಂದು ಕಾರಣವನ್ನು ಲೆಕ್ಕ ಹಾಕಿ ನೋಡೋಣ. ರೇಡಿಯೊ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡುತ್ತದೆ, ಚಂದ್ರ ಸುಮಾರು 3,84,000 ಕಿ.ಮೀ. ದೂರ. ಅಲ್ಲಿನ ಚಿತ್ರ ಇಲ್ಲಿಗೆ ಬಂದು, ಇಲ್ಲಿನ ಅಪ್ಪಣೆ ಅಲ್ಲಿಗೆ ಮುಟ್ಟಲು ಎರಡೂವರೆ ಸೆಕೆಂಡಾದರೂ ಬೇಕು. ಅಷ್ಟರಲ್ಲಿ ನಮ್ಮ ಬಗ್ಗಿ 22 ಮೀಟರ್ ಓಡಿ ಯಾವುದಾದರೂ ಹಳ್ಳಕ್ಕೆ ಬಿದ್ದಿರುತ್ತದೆ. ಆಗಸ್ಟ್ 27ರಂದು ಪ್ರಜ್ಞಾನ್ ಎದುರು ಮೂರೇ ಮೀಟರ್ ದೂರದಲ್ಲಿ ನಾಲ್ಕು ಮೀಟರ್ ಅಗಲದ ಕುಳಿ ಕಂಡಿತು. ಬಂದ ದಾರಿಯಲ್ಲೇ ಹಿಂದಿರುಗು ಎಂದು ಭೂಮಿಯಿಂದ ಅಪ್ಪಣೆ ಹೋಯಿತು. ನಿಧಾನವಾಗಿ ನಡೆದದ್ದರಿಂದ ಯೋಚಿಸಲು ಹೊತ್ತು ಸಿಕ್ಕಿತು.

ನೀವೇ ಮಾಡಿ ನೋಡಿ

ಬ್ಯಾಟರಿಯನ್ನು ದೊಡ್ಡವರು ಜೊತೆಗಿದ್ದಾಗಲೇ ಚಾರ್ಜ್ ಮಾಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ. ಓಡಿಸುವ ಜಾಗವನ್ನೂ ನೋಡಿ ಆರಿಸಿ. ಹಾರನಹಳ್ಳಿಯ ಸೋಮೇಶ್ವರ, ಚೆನ್ನಕೇಶವ ಗುಡಿಗಳು 13ನೇ ಶತಮಾನದ ಹೊಯ್ಸಳರ ಕಾಲದವು. ಆ ಅಂಗಳ ರೇಸಿಗಲ್ಲ. ಕೊಯ್ಲಾದ ಹೊಲವೇ ಸರಿಯಾದ ಜಾಗ. ತಿರುವುಗಳಿಗೆ ತೆಂಗಿನ ಚಿಪ್ಪು ಇಟ್ಟು ಗುರುತು ಮಾಡಿ.

ಈಗ ಪ್ರಯೋಗ. 20 ಮೀಟರ್ ಅಳೆದು, ಗೆಳೆಯರ ಕೈಗೆ ಗಡಿಯಾರ ಕೊಟ್ಟು ಗಾಡಿ ಓಡಿಸಿ. ಆಮೇಲೆ 20 ಹಲ್ಲಿನ ಗಾಲಿ ತೆಗೆದು 16 ಹಲ್ಲಿನದನ್ನು ಹಾಕಿ ಮತ್ತೆ ಓಡಿಸಿ. ಲೆಕ್ಕದ ಪ್ರಕಾರ ಗರಿಷ್ಠ ವೇಗ ಐದರಲ್ಲಿ ಒಂದು ಪಾಲು ಇಳಿಯಬೇಕು. ಆದರೆ ಸಡಿಲ ಮಣ್ಣಿನಲ್ಲಿ, ನಿಂತಲ್ಲಿಂದ ಹೊರಟ ಗಾಡಿ ಆ 20 ಮೀಟರನ್ನು ನಿಜಕ್ಕೂ ತಡವಾಗಿ ಮುಟ್ಟುತ್ತದೆಯೇ? ಮೊದಲು ನಿಮ್ಮ ಊಹೆಯನ್ನು ಪುಸ್ತಕದಲ್ಲಿ ಬರೆಯಿರಿ, ಆಮೇಲೆ ಅಳೆಯಿರಿ. ಊಹೆ ತಪ್ಪಿದರೆ ಕಾರಣ ಹುಡುಕುವ ಕೆಲಸ ಸಿಕ್ಕಿತು ಎಂದುಕೊಳ್ಳಿ.